ಕಣ್ಣಿನ ಹನಿಗೆ ಸಹಿ ಯಾರದು?

ಚೆನ್ನೈನ ಅಣ್ಣಾ ನಗರ್ ರೌಂಡಾಣದಿಂದ ಎರಡನೇ ಅವೆನ್ಯೂ ಹಿಡಿದು ಹೊರಟರೆ ಕನ್ನಡಕದ ಅಂಗಡಿಗಳು ಸಾಲುಸಾಲಾಗಿ ಸಿಗುತ್ತವೆ. ಮೆಡಿಕಲ್ ಶಾಪುಗಳೂ ಅಷ್ಟೇ ಹತ್ತಿರ. ಇಂಥ ಯಾವುದೇ ಕನ್ನಡಕದ ಅಂಗಡಿಯೊಳಗೆ ಹೋಗಿ ನೋಡಿ. ಆಪ್ಟೋಮೆಟ್ರಿಸ್ಟ್ ನಿಮ್ಮ ಗದ್ದವನ್ನು ಯಂತ್ರದ ಮೇಲೆ ಇಡಿಸುತ್ತಾರೆ, ಒಂದು ಚಿಟಿಕೆಯಷ್ಟು ಗಾಳಿ ಕಣ್ಣಿಗೆ ಬಡಿಯುತ್ತದೆ, ಪರದೆಯ ಮೇಲೆ ಕಣ್ಣಿನ ಒತ್ತಡ ಮೂಡುತ್ತದೆ. ಸಾಮಾನ್ಯವಾಗಿ ಅದು 21ರ ಒಳಗಿರಬೇಕು. 28 ಎಂದು ಬಂತು ಎನ್ನಿ. ನಾಲ್ಕು ವರ್ಷ ಇದನ್ನೇ ಓದಿದ ಆಪ್ಟೋಮೆಟ್ರಿಸ್ಟಿಗೆ ಆ ಸಂಖ್ಯೆಯ ಅರ್ಥ ಚೆನ್ನಾಗಿ ಗೊತ್ತು. ಆದರೆ "ಕಣ್ಣಿನ ಡಾಕ್ಟರಿಗೆ ತೋರಿಸಿ" ಎನ್ನುವುದರ ಆಚೆಗೆ ಒಂದು ತೊಟ್ಟು ಔಷಧ ಬರೆಯಲೂ ಕಾನೂನು ಅವರಿಗೆ ಅವಕಾಶ ಕೊಟ್ಟಿಲ್ಲ. ಅದೇ ಹೊತ್ತಿಗೆ ಪಕ್ಕದ ಮೆಡಿಕಲ್ ಶಾಪಿನಲ್ಲಿ ಯಾರೋ ಕೆಂಪಾದ ಕಣ್ಣು ತೋರಿಸಿ ಹನಿ ಕೇಳಿದರೆ, ಚೀಟಿ ಇಲ್ಲದೆಯೇ ಸ್ಟೀರಾಯ್ಡ್ ಬೆರೆತ ಬಾಟಲಿ ಕೈಗೆ ಬರುವುದು ನಮ್ಮ ಊರುಗಳಲ್ಲಿ ಹೊಸ ಸಂಗತಿಯೇನಲ್ಲ. ಓದಿದವರಿಗೆ ಇಲ್ಲದ ಅಧಿಕಾರವನ್ನು ಓದದವರು ಚಲಾಯಿಸುತ್ತಿದ್ದಾರೆ.

ಈ ಸ್ಥಿತಿ ಬಹಳ ಕಾಲ ಹೀಗೇ ಉಳಿಯುವುದಿಲ್ಲ. ಆದ್ದರಿಂದಲೇ ಈಗ ಈ ಮಾತು ಎತ್ತುತ್ತಿದ್ದೇವೆ.

2021ರ ಮಾರ್ಚಿನಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದುವರೆಗೆ ದೇಶದಲ್ಲಿ ಆಪ್ಟೋಮೆಟ್ರಿಗೆ ತನ್ನದೇ ಆದ ಕೇಂದ್ರ ಕಾನೂನು ಇರಲಿಲ್ಲ. ಕೆಲವೇ ತಿಂಗಳ ಕೋರ್ಸು ಮುಗಿಸಿದವರೂ ನಾಲ್ಕು ವರ್ಷದ ಪದವಿ ಪಡೆದವರೂ ಒಂದೇ ಬಿಳಿ ಕೋಟು ತೊಟ್ಟು ಕೂರಬಹುದಿತ್ತು. ಹೊಸ ಕಾಯಿದೆ ಆಪ್ಟೋಮೆಟ್ರಿಸ್ಟರನ್ನು ವೃತ್ತಿಪಟ್ಟಿಗೆ ಸೇರಿಸಿತು, ಆರು ತಿಂಗಳೊಳಗೆ ರಾಜ್ಯ ಪರಿಷತ್ತುಗಳನ್ನು ರಚಿಸಬೇಕೆಂದು ಹೇಳಿತು. ರಾಜ್ಯಗಳು ಮಲಗಿದವು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಎರಡು ತಿಂಗಳ ಗಡುವು ಕೊಡಬೇಕಾಯಿತು. 2025ರಲ್ಲಿ ಹತ್ತು ವೃತ್ತಿಗಳ ಹೊಸ ಪಠ್ಯಕ್ರಮ ಹೊರಬಿತ್ತು. ಆಪ್ಟೋಮೆಟ್ರಿಯೂ ಅದರಲ್ಲಿ ಒಂದು.

ಕಾಯಿದೆಯ ವ್ಯಾಖ್ಯಾನದಲ್ಲಿ ಹೆಲ್ತ್‌ಕೇರ್ ವೃತ್ತಿಪರರು ರೋಗ ತಡೆಯುವ, ಗುಣಪಡಿಸುವ ಸೇವೆ ಕೊಡುವವರು ಎಂದಿದೆ. ಆದರೆ ಔಷಧ ಬರೆದುಕೊಡುವ ಅಧಿಕಾರವನ್ನು ಅದು ಕೊಟ್ಟಿಲ್ಲ. ಆ ಅಧಿಕಾರವನ್ನು 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ನೋಂದಾಯಿತ ವೈದ್ಯರ ಸಹಿಗೆ ಕಟ್ಟಿಹಾಕಿದೆ. ಇನ್ನೊಂದು ಕಡೆ, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೇ ಕಲಮು ವೈದ್ಯರಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡುವ ದಾರಿಯನ್ನು ಆಗಲೇ ತೆರೆದಿಟ್ಟಿದೆ. ಬಾಗಿಲು ಅರ್ಧ ತೆರೆದಿದೆ ಎಂದರೆ ತಪ್ಪಾಗದು. ಉಳಿದರ್ಧವನ್ನು ವಿಧಾನಸಭೆಯ ಚರ್ಚೆಯೇ ತೆರೆಯಬೇಕೆಂದಿಲ್ಲ. ಯಾವುದೋ ನಿಯಮದ ಒಂದು ಸಾಲು, ಪಠ್ಯಕ್ರಮದ ಒಂದು ಅಧ್ಯಾಯ, ಪರಿಷತ್ತಿನ ಒಂದು ಸುತ್ತೋಲೆ ಸಾಕು. ನಮ್ಮ ಆತಂಕ ಇದೇ.

ಹಾಗೆಂದು ಅಧಿಕಾರವೇ ಬೇಡ ಎನ್ನುವವರ ಜೊತೆ ನಾವಿಲ್ಲ. ಚೆನ್ನೈನ ಚರಿತ್ರೆಯೇ ಅದಕ್ಕೆ ಅಡ್ಡ ನಿಲ್ಲುತ್ತದೆ. 1819ರಲ್ಲಿ ಶುರುವಾದ ಎಗ್ಮೋರಿನ ಸರಕಾರಿ ಕಣ್ಣಾಸ್ಪತ್ರೆ ಜಗತ್ತಿನ ಅತಿ ಹಳೆಯ ಕಣ್ಣಾಸ್ಪತ್ರೆಗಳಲ್ಲಿ ಒಂದು. 1978ರಲ್ಲಿ ಡಾ. ಎಸ್. ಎಸ್. ಬದರೀನಾಥ್ ಶಂಕರ ನೇತ್ರಾಲಯ ಕಟ್ಟಿದರು. 1985ರಲ್ಲಿ ಅದರ ಆಶ್ರಯದಲ್ಲಿ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ ಬಂತು. ಕಣ್ಣಿನ ಪರೀಕ್ಷೆಯನ್ನು ಗಂಭೀರ ಓದಾಗಿ ಮಾಡಿದ ಊರು ಇದು. ಇಷ್ಟೆಲ್ಲ ಇದ್ದೂ, ಚೆನ್ನೈ ಗ್ಲಾಕೋಮಾ ಅಧ್ಯಯನದಲ್ಲಿ ಪತ್ತೆಯಾದ ತೆರೆದ ಕೋನದ ಗ್ಲಾಕೋಮಾ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ತಮಗೆ ಆ ರೋಗವಿದೆ ಎಂಬುದೇ ಗೊತ್ತಿರಲಿಲ್ಲ. ಈ ಬಗೆಯ ಗ್ಲಾಕೋಮಾ ನೋಯುವುದಿಲ್ಲ, ಕೆಂಪಾಗುವುದಿಲ್ಲ; ಬದಿಯ ನೋಟವನ್ನು ಸದ್ದಿಲ್ಲದೆ ತಿನ್ನುತ್ತ ಬರುತ್ತದೆ, ಹೋದ ನೋಟ ಮರಳುವುದಿಲ್ಲ. ಶಂಕರ ನೇತ್ರಾಲಯದವರದೇ ಇನ್ನೊಂದು ಅಧ್ಯಯನ, ಚೆನ್ನೈನ ಮಧುಮೇಹಿಗಳಲ್ಲಿ ನೂರಕ್ಕೆ 18 ಮಂದಿಯ ಅಕ್ಷಿಪಟಲಕ್ಕೆ ಹಾನಿ ಶುರುವಾಗಿರುವುದನ್ನು ಕಂಡಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಅಣ್ಣಾ ನಗರ್ ಟವರ್ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ಶುಗರ್ ಇರುವ ಹಿರಿಯರೆಲ್ಲ ಒಮ್ಮೆ ಈ ಲೆಕ್ಕ ನೆನೆಯಬೇಕು. ಇವರ ಕಣ್ಣನ್ನು ಎಲ್ಲರಿಗಿಂತ ಮೊದಲು ನೋಡುವವರು ಕನ್ನಡಕಕ್ಕೆ ಪವರ್ ಬರೆಯುವವರೇ. ಅಣ್ಣಾ ನಗರ್‌ನಲ್ಲಿ ಡಾಕ್ಟರು ಆಟೋ ದೂರದಲ್ಲಿದ್ದಾರೆ. ಧರ್ಮಪುರಿಯ ಹಳ್ಳಿಗೋ ಚಾಮರಾಜನಗರದ ಹಾಡಿಗೋ ಆ ಅನುಕೂಲವಿಲ್ಲ.

ಆದರೆ ಕಾಣುವುದು ಬೇರೆ, ಮದ್ದು ಕೊಡುವುದು ಬೇರೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗದ್ದೆಯಲ್ಲಿ ಭತ್ತದ ಎಲೆ ತಾಗಿ ಕಣ್ಣು ಗೀಚಿಕೊಂಡ ರೈತನ ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಎರಡು ದಿನದಲ್ಲಿ ಕರಿಗುಡ್ಡೆಯ ಮೇಲೆ ಬೂದುಬಣ್ಣದ ಚುಕ್ಕೆ. ದಕ್ಷಿಣ ಭಾರತದಲ್ಲಿ ಇಂಥ ಹುಣ್ಣುಗಳ ದೊಡ್ಡ ಪಾಲು ಶಿಲೀಂಧ್ರದ್ದು. ಅದಕ್ಕೆ ಬೇಕಾದದ್ದು ನ್ಯಾಟಮೈಸಿನ್. ಅದರ ಬದಲು ಸ್ಟೀರಾಯ್ಡ್ ಹನಿ ಬಿದ್ದರೆ ಮೊದಲ ದಿನ ಕೆಂಪು ತಗ್ಗಿ ರೋಗಿಗೆ ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ, ಕೊನೆಗೆ ಕಾರ್ನಿಯಾ ತೂತು ಬೀಳುವವರೆಗೂ ಹೋಗಬಹುದು. ಹರ್ಪಿಸ್ ವೈರಸ್ಸಿನ ಹುಣ್ಣಿಗೂ ಸ್ಟೀರಾಯ್ಡ್ ಹಾಗೆಯೇ ವಿಷ. ಅಲರ್ಜಿಯ ತುರಿಕೆಗೆಂದು ತಿಂಗಳುಗಟ್ಟಲೆ ಅದೇ ಹನಿ ಬಿಟ್ಟುಕೊಂಡ ಮಕ್ಕಳಿಗೆ ಗ್ಲಾಕೋಮಾ ಬರುವುದುಂಟು. 2022ರ ನವೆಂಬರಿನಲ್ಲಿ ತಮಿಳುನಾಡಿನಲ್ಲಿ, 2023ರ ಜುಲೈಯಲ್ಲಿ ಕರ್ನಾಟಕದಲ್ಲಿ ಮದ್ರಾಸ್ ಐ ಹಬ್ಬಿದಾಗ ಮೆಡಿಕಲ್ ಶಾಪಿನ ಹನಿಯನ್ನು ತಾವಾಗಿಯೇ ಹಾಕಿಕೊಳ್ಳಬೇಡಿ ಎಂದು ವೈದ್ಯರು ಗಂಟಲು ಹರಿದುಕೊಂಡದ್ದು ಇದಕ್ಕೇ.

ಹೊರದೇಶಗಳಲ್ಲಿ ಈ ದಾರಿ ಹಂತಹಂತವಾಗಿ ಸಾಗಿದೆ. ಅಮೆರಿಕದ ರೋಡ್ ಐಲೆಂಡ್ 1971ರಲ್ಲಿ ಪರೀಕ್ಷೆಗೆ ಬೇಕಾದ ಹನಿಗಳನ್ನಷ್ಟೇ ಆಪ್ಟೋಮೆಟ್ರಿಸ್ಟರ ಕೈಗೆ ಕೊಟ್ಟಿತು, 1976ರಲ್ಲಿ ವೆಸ್ಟ್ ವರ್ಜೀನಿಯಾ ಚಿಕಿತ್ಸೆಯ ಔಷಧಕ್ಕೂ ಒಪ್ಪಿತು, 1998ರಲ್ಲಿ ಒಕ್ಲಹೋಮ ಲೇಸರ್‌ವರೆಗೆ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಅಂಥದೇ ಮಸೂದೆ ಶಾಸನಸಭೆ ದಾಟಿ ಬಂದರೂ ತರಬೇತಿ ಸಾಲದು ಎಂದು ರಾಜ್ಯಪಾಲರು ಸಹಿ ಹಾಕಲಿಲ್ಲ. ಬ್ರಿಟನ್ 2008ರಿಂದ ಔಷಧ ಬರೆಯಲು ಬಿಟ್ಟಿದೆ. ಆದರೆ ಪದವಿಯ ಮೇಲೆ ಪ್ರತ್ಯೇಕ ಅರ್ಹತೆ, ಆಸ್ಪತ್ರೆಯಲ್ಲಿ ಕಣ್ಗಾವಲಿನ ಅಭ್ಯಾಸ ಮುಗಿಸಿದವರಿಗೆ ಮಾತ್ರ. ನಮಗೆ ಹೊಂದುವುದು ಬ್ರಿಟನ್ನಿನ ರೀತಿ. ನೆರೆಮನೆಯ ಬೆಂಕಿಯಂತೆ ನಮ್ಮಲ್ಲೇ ಇನ್ನೊಂದು ಎಚ್ಚರಿಕೆ ಕಂಡಿತು: 2025ರ ಸೆಪ್ಟೆಂಬರಿನಲ್ಲಿ ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ 'ಡಾ.' ಹಾಕಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಹೊರಡಿಸಿತು, ಮರುದಿನವೇ ಹಿಂತೆಗೆದುಕೊಂಡಿತು. ಮುಂಚೆ ಕೂತು ಮಾತಾಡದಿದ್ದರೆ ರೋಗಿಯ ಪ್ರಶ್ನೆ ಮೂಲೆಗೆ ಸರಿದು ಬಿರುದಿನ ಜಗಳವೇ ಉಳಿಯುತ್ತದೆ.

ಹಾಗಾಗಿ ಕ್ರಮ ತಪ್ಪಬಾರದು. ಮೊದಲು ನೋಂದಣಿ ಪಟ್ಟಿ ಸಿದ್ಧವಾಗಲಿ. ಹಿಂದಿನಿಂದ ಕೆಲಸ ಮಾಡುತ್ತಿರುವ ಡಿಪ್ಲೊಮಾದವರನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕಾದೀತು, ಅದು ನ್ಯಾಯವೂ ಹೌದು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಔಷಧ ಬರೆಯುವ ಹಕ್ಕು ಬರಬಾರದು. ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಅದನ್ನು ಕನ್ನಡಕ ಮಾರುವ ಮಳಿಗೆಯಲ್ಲಿ ಕಳೆದವರಿಗೂ ಎಗ್ಮೋರಿನ ಹೊರರೋಗಿ ವಿಭಾಗದಲ್ಲಿ ಹುಣ್ಣುಕಣ್ಣುಗಳ ನಡುವೆ ಕಳೆದವರಿಗೂ ಒಂದೇ ಸಹಿ ಸಲ್ಲದು. ಆಸ್ಪತ್ರೆಯಲ್ಲಿ ಕಲಿತು ಬೇರೆ ಪರೀಕ್ಷೆ ಗೆದ್ದವರಿಗೆ ಚಿಕ್ಕದೊಂದು ಪಟ್ಟಿ ಕೊಡಬಹುದು: ಒಣಕಣ್ಣಿನ ಹನಿ, ಅಲರ್ಜಿಯ ಹನಿ, ಸರಳ ಸೋಂಕಿಗೆ ಆಂಟಿಬಯೋಟಿಕ್, ಡಾಕ್ಟರು ಈಗಾಗಲೇ ಶುರುಮಾಡಿದ ಗ್ಲಾಕೋಮಾ ಔಷಧದ ಮುಂದುವರಿಕೆ. ಸ್ಟೀರಾಯ್ಡ್ ಆ ಪಟ್ಟಿಯಲ್ಲಿ ಇರಲೇಕೂಡದು.

ಇನ್ನೊಂದು ಸಂಗತಿಯನ್ನು ವೃತ್ತಿಯವರೇ ಎತ್ತಬೇಕಿತ್ತು, ಎತ್ತಿದ್ದು ಕಡಿಮೆ. ಕನ್ನಡಕದ ಮಳಿಗೆಯ ಸಂಬಳದಲ್ಲಿರುವ ಆಪ್ಟೋಮೆಟ್ರಿಸ್ಟಿಗೆ ತಿಂಗಳ ಮಾರಾಟದ ಟಾರ್ಗೆಟ್ ಇದ್ದರೆ, ಅದೇ ಕೈಗೆ ಔಷಧದ ಚೀಟಿಯನ್ನೂ ಕೊಡುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಬರೆಯುವವರು ಮಾರುವವರಾಗಬಾರದು. ನೇತ್ರತಜ್ಞರ ಸಂಘಟನೆಗಳಿಗೂ ಒಂದು ಮಾತು: 140 ಕೋಟಿ ಜನರಿಗೆ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿರುವ ನೀವು ಎಲ್ಲ ಕಣ್ಣನ್ನೂ ನೋಡಲಾರಿರಿ. ಬರೀ ಬೇಡ ಎನ್ನುತ್ತ ಕೂತರೆ ಪಟ್ಟಿಯನ್ನು ಬೇರೆ ಯಾರೋ ಬರೆಯುತ್ತಾರೆ.

ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ರಾಜ್ಯ ಪರಿಷತ್ತಿನ ನಿಯಮಗಳ ಕರಡು ಆಕ್ಷೇಪಣೆಗೆ ಬಂದಾಗ ಓದುಗರು ಎರಡು ಕಡೆ ಕಣ್ಣಿಡಬೇಕು: ಔಷಧದ ಪಟ್ಟಿ ಅದರಲ್ಲೇ ಅಚ್ಚಾಗಿದೆಯೇ, ಇಲ್ಲ ಮುಂದೆ ಸುತ್ತೋಲೆಯಲ್ಲಿ ತಿಳಿಸುತ್ತೇವೆ ಎಂದಿದೆಯೇ; ರೋಗಿಯನ್ನು ಡಾಕ್ಟರ ಬಳಿಗೆ ಎಷ್ಟು ಗಂಟೆಯೊಳಗೆ ಕಳಿಸಬೇಕು, ಕಳಿಸದಿದ್ದರೆ ಯಾರು ಹೊಣೆ ಎಂಬುದು ಬರೆದಿದೆಯೇ. ಇವೆರಡೂ ಇಲ್ಲದ ಕರಡಿಗೆ ಗಡುವು ಮುಗಿಯುವ ಮುನ್ನವೇ ಆಕ್ಷೇಪಣೆ ಸಲ್ಲಿಸಿ.