ಹಿಮಕೋಷ್ಠದಲ್ಲಿ ಒಂದು ರಾತ್ರಿ

ಒಂದೇ ಇಕ್ಕಟ್ಟಾದ ಸ್ಥಳದಲ್ಲಿ ಪಾತ್ರವನ್ನು ಕೂಡಿಹಾಕಿ, ಅದರ ಪ್ರಾಣಸಂಕಟವನ್ನು ತೋರಿಸುತ್ತ ಪ್ರೇಕ್ಷಕರನ್ನು ಕದಲದಂತೆ ಕುಳ್ಳಿರಿಸುವ ಚಲಚ್ಚಿತ್ರಗಳುಂಟು. ಯುಕ್ತಿಯು ಹೊಸದೇನೂ ಅಲ್ಲ. ಹಿಚ್‌ಕಾಕನು ೧೯೪೪ರಲ್ಲಿಯೇ ‘ಲೈಫ್‌ಬೋಟ್’ ಎಂಬ ಚಿತ್ರವನ್ನು ಸಮುದ್ರಮಧ್ಯದ ಒಂದು ದೋಣಿಯೊಳಗೇ ನಡೆಯಿಸಿದನು. ನಮ್ಮ ಲಾಕ್ಷಣಿಕರು ದಶರೂಪಕಗಳಲ್ಲಿ ಎಣಿಸಿರುವ ಭಾಣದಲ್ಲಿಯೂ ರಂಗದ ಮೇಲೆ ಒಬ್ಬನೇ ನಟ. ಅವನು ಆಕಾಶದತ್ತ ಮುಖವೆತ್ತಿ ‘ಏನೆಂದೆ?’ ಎಂದು ಕೇಳಿ ಮಿಕ್ಕವರ ಮಾತನ್ನೂ ತಾನೇ ಆಡಿಕೊಳ್ಳಬೇಕು. ೨೦೧೭ರ ಹಿಂದೀ ಚಿತ್ರ ‘ಟ್ರ್ಯಾಪ್ಡ್’, ಮುಂಬಯಿಯ ನಿರ್ಜನವಾದ ಎತ್ತರದ ಕಟ್ಟಡವೊಂದರಲ್ಲಿ ಸಿಕ್ಕಿಬಿದ್ದ ತರುಣನ ಕಥೆ, ಬಹುಮಟ್ಟಿಗೆ ಭಾಣವೇ ಸರಿ; ಶೃಂಗಾರಹಾಸ್ಯಗಳಿಗೆ ಬದಲಾಗಿ ಅಲ್ಲಿ ಹಸಿವು ಬಾಯಾರಿಕೆಗಳು ಮಾತನಾಡುತ್ತವೆ.

ಈ ತಿಂಗಳು ನಾವು ವಾಚಕರ ಮುಂದಿಡತಕ್ಕದ್ದು ಮಲೆಯಾಳ ಭಾಷೆಯ ‘ಹೆಲೆನ್’. ಮಾತುಕುಟ್ಟಿ ಕ್ಸೇವಿಯರ್ ಎಂಬವರು ನಿರ್ದೇಶಿಸಿದ ಮೊದಲನೆಯ ಚಿತ್ರವಿದು. ೨೦೧೯ರ ನವೆಂಬರಿನಲ್ಲಿ ಹೊರಬಂದಿತು. ಹೆಲೆನ್ ದಾದಿಯ ವಿದ್ಯೆಯನ್ನು ಓದಿ ಮುಗಿಸಿದ ಹುಡುಗಿ. ತಾಯಿಯಿಲ್ಲದ ಮನೆ; ತಂದೆ ಪಾಲ್‌ಗೆ ಅವಳೇ ಮಗಳು, ಅವಳೇ ಹಿರಿಯಳು. ಅವನು ಕದ್ದು ಸಿಗರೇಟು ಸೇದಿದರೆ ಗದರಿಸುವವಳೂ ಅವಳೇ. ಕೆನಡಾ ದೇಶಕ್ಕೆ ಹೋಗಿ ದುಡಿಯಬೇಕೆಂಬ ಆಸೆಯಿಂದ ಇಂಗ್ಲಿಷ್ ಪರೀಕ್ಷೆಗೆ ಓದುತ್ತ, ಸಂಜೆಯ ಹೊತ್ತು ಕೋಳಿ ಕರಿದು ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಜರ್ ಎಂಬ ಯುವಕನನ್ನು ಅವಳು ಪ್ರೀತಿಸುತ್ತಿರುವುದು ತಂದೆಗೆ ತಿಳಿಯದು. ಕುಡಿದು ಗಾಡಿ ನಡೆಸುತ್ತಿದ್ದ ಆ ಯುವಕನೊಡನೆ ಅವಳೂ ಪೋಲೀಸರ ಕೈಗೆ ಸಿಕ್ಕಿದಾಗ, ಠಾಣೆಯಲ್ಲಿ ಪರರ ಬಾಯಿಂದ ಪಾಲ್ ಅದನ್ನು ಕೇಳಬೇಕಾಗುತ್ತದೆ. ಅವನು ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಮಗಳೊಡನೆ ಮಾತು ಬಿಡುತ್ತಾನೆ.

ಗೃಹಸ್ಥರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾತು ಬಿಡುವುದನ್ನು ನಮ್ಮ ಮನೆಗಳಲ್ಲಿ ಸೌಮ್ಯವಾದ ದಂಡನೆಯೆಂದು ಎಣಿಸುವ ವಾಡಿಕೆಯುಂಟು. ಬೆತ್ತಕ್ಕಿಂತ ಅದು ಮೇಲೆಂದು ಹೇಳುವ ತಂದೆಗಳನ್ನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಎಷ್ಟೋ ಮಂದಿಯನ್ನು ಕಂಡಿರುವೆನು. ಬೆತ್ತದ ಬಾಸುಂಡೆ ಎರಡು ದಿನಕ್ಕೆ ಮಾಯುವುದು. ಮೌನಕ್ಕಾದರೋ ಅವಧಿಯೇ ಇಲ್ಲ. ಆ ಮೌನ ನಡೆಯುತ್ತಿರುವಾಗಲೇ, ಅಂಗಡಿಯನ್ನು ಮುಚ್ಚುವ ಅವಸರದಲ್ಲಿ, ಒಳಗೆ ಯಾರೂ ಇಲ್ಲವೆಂದು ಭಾವಿಸಿ ಮಾಂಸವಿಡುವ ಶೀತಲಕೋಣೆಯ ಕದವನ್ನು ಹಾಕಿಬಿಡುವರು. ಒಳಗೆ ಹೆಲೆನ್ ಇರುತ್ತಾಳೆ.

ಇಂಥ ಕೋಣೆಗಳನ್ನು ಸಾಮಾನ್ಯವಾಗಿ ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ಮನುಷ್ಯದೇಹದ ಸಹಜವಾದ ಶಾಖ ೩೭ ಡಿಗ್ರಿ. ಒಳಶಾಖವು ೩೫ಕ್ಕಿಂತ ಇಳಿದರೆ ಅಪಾಯವು ಆರಂಭವಾಯಿತೆಂದು ವೈದ್ಯರು ಹೇಳುವರು. ಮೊದಲು ಮೈ ನಡುಗುವುದು. ಅದು ದೇಹವು ತಾನೇ ಶಾಖವನ್ನು ಹುಟ್ಟಿಸಿಕೊಳ್ಳಲು ಮಾಡುವ ಹೋರಾಟ. ಹೃದಯವನ್ನೂ ಮಿದುಳನ್ನೂ ಕಾಯುವುದಕ್ಕಾಗಿ ರಕ್ತವು ಬೆರಳುಗಳಿಂದ ಹಿಂದೆಗೆಯುತ್ತದೆ. ಕದವನ್ನು ತೆರೆಯಲು ಯಾವ ಬೆರಳುಗಳು ಬೇಕೋ ಅವೇ ಮೊದಲು ನಿಷ್ಪ್ರಯೋಜಕವಾಗುವುವು. ಇನ್ನೂ ಶಾಖ ಇಳಿದರೆ ನಡುಕವೇ ನಿಂತು, ಬುದ್ಧಿ ಮಂಕಾಗಿ, ನಿದ್ರೆಯಂಥದೊಂದು ಆವರಿಸುತ್ತದೆ. ದಾದಿಯ ವಿದ್ಯೆ ಬಲ್ಲ ಹೆಲೆನ್‌ಗೆ ಇದೆಲ್ಲವೂ ತಿಳಿದಿರಬೇಕು. ಅವಳು ರಟ್ಟಿನ ಪೆಟ್ಟಿಗೆಗಳನ್ನು ಹರಿದು ಮೈಗೆ ಸುತ್ತಿಕೊಳ್ಳುತ್ತಾಳೆ. ಶೀತದ ಗಾಳಿಯನ್ನು ಬೀಸುವ ಯಂತ್ರವನ್ನು ನಿಲ್ಲಿಸಲು ಹೆಣಗುತ್ತಾಳೆ.

ಭರತಮುನಿಯು ಹೇಳಿದ ಎಂಟು ಸಾತ್ತ್ವಿಕಭಾವಗಳಲ್ಲಿ ಸ್ತಂಭ, ವೇಪಥು, ಸ್ವರಭೇದ, ವೈವರ್ಣ್ಯ, ಅಶ್ರು, ಪ್ರಳಯಗಳನ್ನು ಈ ಹುಡುಗಿಯ ಮೈಯಲ್ಲಿ ಒಂದೊಂದಾಗಿ ಕಾಣಬಹುದು. ನಡುಕಕ್ಕೆ ಮುನಿಯು ಕೊಟ್ಟಿರುವ ಕಾರಣಗಳಲ್ಲಿ ಭಯದೊಡನೆ ಶೀತವೂ ಸೇರಿದೆ. ಯಾವುದು ಚಳಿಯ ನಡುಕ, ಯಾವುದು ಭಯದ ನಡುಕ ಎಂದು ವಿಂಗಡಿಸಲಾಗದಂತೆ ನಟಿಸಿರುವುದೇ ಅನ್ನಾ ಬೆನ್ ಅವರ ಹೆಚ್ಚುಗಾರಿಕೆ. ಕೇರಳ ರಾಜ್ಯದ ಪ್ರಶಸ್ತಿ ಮಂಡಲಿಯು ಅವರ ಅಭಿನಯವನ್ನು ವಿಶೇಷವಾಗಿ ಹೆಸರಿಸಿತು. ಹಿಮ ಕಚ್ಚಿದ ಆ ಮುಖವನ್ನು ರೂಪಿಸಿದ ಪ್ರಸಾಧನಕಾರನಿಗೂ, ಹೊಸ ನಿರ್ದೇಶಕನಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು.

ಕ್ಯಾಮರವು ಮೇಲಿಂದ ಮೇಲೆ ಕೋಣೆಯಿಂದ ಹೊರಕ್ಕೆ ಹೋಗುವುದರಿಂದ ಉಸಿರುಕಟ್ಟುವಿಕೆ ಸಡಿಲವಾಯಿತೆಂದು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಹೊರಗೆ ತಂದೆಯು ರಾತ್ರಿಯೆಲ್ಲ ಮಗಳನ್ನು ಅರಸುತ್ತಾನೆ. ಮಾತು ನಿಂತ ಮನೆಯಲ್ಲಿ ಊಹೆಗೂ ಸಂಶಯ ಬೆರೆಯುವುದಷ್ಟೆ. ಅವನ ಮನಸ್ಸು ಮೊದಲು ಹರಿಯುವುದು ಆ ಯುವಕನ ಕಡೆಗೇ. ಠಾಣೆಯ ಸಬ್ ಇನ್‌ಸ್ಪೆಕ್ಟರನು ಹಗೆ ಸಾಧಿಸುತ್ತ ಹೊತ್ತು ಕಳೆಯುತ್ತಾನೆ. (ಈ ಭಾಗವನ್ನು ಸ್ವಲ್ಪ ಎಳೆದಿದ್ದಾರೆ, ದುಷ್ಟತನಕ್ಕೆ ಅಷ್ಟು ಬಣ್ಣ ಬೇಕಿರಲಿಲ್ಲ.) ಹೊರಗೆ ಹೋಗುವ ಪ್ರತಿ ನಿಮಿಷವೂ ಒಳಗಿನವಳ ಆಯುಸ್ಸಿನಿಂದ ಕಳೆಯುವ ನಿಮಿಷವೆಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಕ್ಕಟ್ಟು ಇರುವುದು ಅಲ್ಲಿಯೇ.

ಕೊನೆಗೆ ಸುಳಿವು ಸಿಕ್ಕುವುದು ಯಾರಿಂದ? ಆ ವಿಶಾಲವಾದ ಮಾಲ್ ಕಟ್ಟಡದ ಬಾಗಿಲು ಕಾಯುವವನಿಂದ. ಸಾವಿರಾರು ಜನ ಅವನ ಮುಂದೆ ಹಾದುಹೋಗುವರು; ಅವನನ್ನು ನೋಡಿ ನಗುವವರು ಇಲ್ಲವೆಂಬಷ್ಟು ವಿರಳ. ಈ ಹುಡುಗಿಯು ದಿನವೂ ಮುಗುಳುನಗುತ್ತಿದ್ದಳು. ಆ ರಾತ್ರಿ ಆ ನಗೆ ಅವನಿಗೆ ದೊರೆಯಲಿಲ್ಲ. ಆದುದರಿಂದ ಅವಳು ಹೊರಕ್ಕೆ ಹೋಗಿಲ್ಲವೆಂದು ಅವನು ನಿಶ್ಚಯವಾಗಿ ಹೇಳಬಲ್ಲನು. ಕಥೆಗಾರರು ಇದನ್ನು ಆರಂಭದಲ್ಲಿಯೇ ತೋರಿಸಿ, ನಾವು ಮರೆಯುವಂತೆ ಮಾಡಿರುವರು. ನ್ಯಾಯಶಾಸ್ತ್ರದಲ್ಲಿ ಅನುಪಲಬ್ಧಿಯ ಚರ್ಚೆ ಬರುತ್ತದೆ: ಕಾಣಬೇಕಾದುದು ಕಾಣದಿರುವುದೇ ಒಂದು ತಿಳಿವಿಗೆ ದಾರಿ. ತರಗತಿಯಲ್ಲಿ ಅದಕ್ಕೆ ನೆಲದ ಮೇಲಿಲ್ಲದ ಮಡಕೆಯ ಉದಾಹರಣೆಯನ್ನು ಕೊಡುತ್ತಾರೆ. ಇದು ಅದಕ್ಕಿಂತ ಮಿಗಿಲಾದ ಉದಾಹರಣೆ.

ಈ ಕಥೆಯನ್ನು ೨೦೨೧ರಲ್ಲಿ ತಮಿಳಿನಲ್ಲಿ ‘ಅನ್ಬಿರ್ಕಿನಿಯಾಳ್’ ಎಂದು ತೆಗೆದರು. ಅದರಲ್ಲಿ ತಂದೆಮಗಳಾಗಿ ನಟಿಸಿದ ಅರುಣ್ ಪಾಂಡಿಯನ್, ಕೀರ್ತಿ ಪಾಂಡಿಯನ್ ಅವರು ನಿಜವಾಗಿಯೂ ತಂದೆಮಗಳೇ. ೨೦೨೨ರ ಹಿಂದೀ ‘ಮಿಲಿ’ಯನ್ನು ಕ್ಸೇವಿಯರ್ ಅವರೇ ನಿರ್ದೇಶಿಸಿದರು. ಮಲೆಯಾಳದ ಮೂಲವನ್ನೇ ನೋಡುವುದು ಯುಕ್ತ. ಭಾಷೆ ತಿಳಿಯದಿದ್ದರೂ ಅಷ್ಟೇನೂ ತೊಡಕಾಗದು, ಕೋಣೆಯೊಳಗೆ ಮಾತೇ ಕಡಮೆ. ಮನೆಮಂದಿಯೆಲ್ಲ ಕುಳಿತು ನೋಡತಕ್ಕ ಚಿತ್ರವಾದರೂ, ಹತ್ತು ವರ್ಷಕ್ಕೆ ಒಳಗಿನ ಮಕ್ಕಳನ್ನು ಮಲಗಿಸಿದ ಮೇಲೆ ನೋಡುವುದು ಒಳ್ಳೆಯದು. ಕೊನೆಯ ಅರ್ಧ ಗಂಟೆಯಲ್ಲಿ ಆ ಹುಡುಗಿಯ ಮುಖವನ್ನು ನೋಡಲು ದೊಡ್ಡವರಿಗೂ ಗಟ್ಟಿಯಾದ ಮನಸ್ಸು ಬೇಕು.