ಮಳೆಯ ಲೆಕ್ಕ ಬಾಯಲ್ಲಿದ್ದರೆ ಸಾಲದು



ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂಘದ ಕಚೇರಿಯ ಜಗಲಿಯಲ್ಲಿ ಪ್ರತಿ ವರ್ಷವೂ ನಡೆಯುವ ಮಾತು ಒಂದೇ. "ಈ ಸಲದಂಥ ಮಳೆ ನನ್ನ ಆಯುಷ್ಯದಲ್ಲೇ ಕಂಡಿಲ್ಲ" ಎಂದು ಒಬ್ಬರು ಹೇಳುತ್ತಾರೆ. "ಇದೇನು ಮಹಾ ಮಾರಾಯ್ರೆ, ನಾವು ಹುಡುಗರಿದ್ದಾಗ ವಾರಗಟ್ಟಲೆ ಬಿಸಿಲಿನ ಮುಖವೇ ಕಾಣುತ್ತಿರಲಿಲ್ಲ" ಎಂದು ಇನ್ನೊಬ್ಬ ಹಿರಿಯರು ಉತ್ತರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಎಷ್ಟು ಇಂಚು, ಯಾವ ತಾರೀಕು, ಎಷ್ಟು ಹೊತ್ತು ಎಂದು ಕೇಳಿದರೆ ಇಬ್ಬರಲ್ಲಿಯೂ ಉತ್ತರವಿಲ್ಲ. ಕಾರ್ಯದರ್ಶಿಯಾದ ನನ್ನಲ್ಲಿಯೂ ಇಲ್ಲ. ಈ ಕೊರತೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅದಕ್ಕೆ ನೆವ ಸಿಕ್ಕಿದ್ದು ದೂರದ ಒಂದು ಊರಿನಿಂದ.

ನನ್ನ ಅಕ್ಕನ ಮಗ ಉದ್ಯೋಗದ ನಿಮಿತ್ತ ಹಾಂಗ್‌ಕಾಂಗಿನಲ್ಲಿದ್ದಾನೆ. ಅಲ್ಲಿಯ ಹವಾಮಾನ ವೀಕ್ಷಣಾಲಯದವರು ಪ್ರತಿ ತಿಂಗಳು ಮುಗಿದ ಮೇಲೆ ಆ ತಿಂಗಳ ಹವೆಯ ವರದಿಯನ್ನು ಸಾರ್ವಜನಿಕರಿಗಾಗಿ ಪ್ರಕಟಿಸುತ್ತಾರೆ. ಯಾವ ದಿನ ಎಷ್ಟು ಸೆಖೆ, ಎಷ್ಟು ಮೋಡ, ಎಷ್ಟು ಹೊತ್ತು ಬಿಸಿಲು, ಎಷ್ಟು ಮಳೆ ಎಂಬುದೆಲ್ಲ ಅದರಲ್ಲಿ ದಿನವಾರು ಇರುತ್ತದೆ. 2023ರ ಸೆಪ್ಟೆಂಬರ್ ತಿಂಗಳ ವರದಿಯನ್ನು ಅವನು ನನಗೆ ಕಳುಹಿಸಿ, "ಮಾವ, ಮಳೆ ಎಂದರೆ ನಮ್ಮೂರಿನದೇ ಎಂದು ಹೇಳುತ್ತಿದ್ದಿರಲ್ಲ, ಇದನ್ನು ನೋಡಿ" ಎಂದು ಬರೆದಿದ್ದ. ಅದನ್ನು ಒಮ್ಮೆ ಓದಿ ಬದಿಗಿಡಲು ನನ್ನಿಂದಾಗಲಿಲ್ಲ.

ಹಾಂಗ್‌ಕಾಂಗ್ ದಕ್ಷಿಣ ಚೀನಾದ ಕಡಲತೀರದ ನಗರ. ಅಲ್ಲಿಯ ಹವೆಯನ್ನು ಉಪೋಷ್ಣ ವಲಯದ್ದೆಂದು ಗಣಿಸುತ್ತಾರೆ. ಬೇಸಿಗೆಯಲ್ಲಿ ಬೆವರಿಳಿಸುವ ಸೆಖೆ ಮತ್ತು ಮಳೆ, ಚಳಿಗಾಲದಲ್ಲಿ ಒಣ ತಂಪು. ವರ್ಷದ ಸರಾಸರಿ ಮಳೆ ಸುಮಾರು 2,400 ಮಿಲಿಮೀಟರ್, ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ 95 ಇಂಚಿನ ಆಸುಪಾಸು. ಮಲೆನಾಡಿನ ನಮಗೆ ಇದು ಬೆರಗಿನ ಅಂಕಿಯಲ್ಲ. ಆದರೆ ಆ ಊರಿನ ನೆಲ ನಮ್ಮ ಘಟ್ಟದ ನೆಲದಂತೆಯೇ ಕಡಿದಾದದ್ದು. ಗುಡ್ಡ ಕಡಿದು, ಧರೆಯ ಬುಡದಲ್ಲಿ ಮನೆ ಕಟ್ಟಿಕೊಂಡು ಲಕ್ಷಾಂತರ ಜನ ವಾಸವಾಗಿದ್ದಾರೆ.

ಆ ಸೆಪ್ಟೆಂಬರ್ ಮೊದಲಾದದ್ದೇ ಚಂಡಮಾರುತದಿಂದ. 1ನೇ ತಾರೀಕಿನ ರಾತ್ರಿ ಸಾವೋಲಾ ಎಂಬ ಚಂಡಮಾರುತ ಹತ್ತಿರ ಬಂದಾಗ ಅಲ್ಲಿಯ ಅತಿ ದೊಡ್ಡ ಎಚ್ಚರಿಕೆಯಾದ 10ನೇ ನಂಬರಿನ ಸಂಕೇತವನ್ನು ಏರಿಸಿದರು. 2018ರ ನಂತರ ಅದನ್ನು ಏರಿಸಿದ್ದು ಅದೇ ಮೊದಲು. ಜನ ಬಾಗಿಲು ಭದ್ರ ಮಾಡಿಕೊಂಡು ಕುಳಿತರು, ಗಾಳಿ ದಾಟಿಹೋಯಿತು. ಇನ್ನು ತಾಪತ್ರಯವಿಲ್ಲ ಎಂದುಕೊಂಡಿರುವಾಗಲೇ, ಹೈಕುಯಿ ಎಂಬ ಇನ್ನೊಂದು ಚಂಡಮಾರುತದ ಉಳಿಕೆಯಾದ ವಾಯುಭಾರ ಕುಸಿತ ನಿಧಾನವಾಗಿ ಬಂದು ಆ ಪ್ರದೇಶದ ಮೇಲೆ ಕುಳಿತಿತು. 7ನೇ ತಾರೀಕಿನ ರಾತ್ರಿ 11 ಗಂಟೆಯಿಂದ 12 ಗಂಟೆಯೊಳಗೆ, ಒಂದೇ ಒಂದು ತಾಸಿನಲ್ಲಿ, ವೀಕ್ಷಣಾಲಯದ ಮಾಪಕದಲ್ಲಿ 158.1 ಮಿಲಿಮೀಟರ್ ಮಳೆ ದಾಖಲಾಯಿತು. ಅಂದರೆ 6 ಇಂಚು 22 ಸೆಂಟು. ಬೆಳಗಾಗಿ ಮಧ್ಯಾಹ್ನ ಕಳೆದರೂ ಬಿಡಲಿಲ್ಲ. ಕಪ್ಪು ಎಚ್ಚರಿಕೆ 16 ತಾಸಿಗೂ ಮೀರಿ ಜಾರಿಯಲ್ಲಿತ್ತು. ಊರಿನ ಬಹುಭಾಗದಲ್ಲಿ 400 ಮಿಲಿಮೀಟರಿಗೂ, ಕೆಲವೆಡೆ 600 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನೆಲದಡಿಯ ರೈಲು ನಿಲ್ದಾಣಕ್ಕೆ ನೀರು ನುಗ್ಗಿತು, ಶಾಲೆಗಳು ಮುಚ್ಚಿದವು, ಇಬ್ಬರು ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ತಿಂಗಳ ಒಟ್ಟು ಮಳೆ ಸಾವಿರ ಮಿಲಿಮೀಟರ್ ದಾಟಿತು. ಸೆಪ್ಟೆಂಬರಿನ ವಾಡಿಕೆ ಮಳೆಯ ಮೂರು ಪಟ್ಟಿಗಿಂತಲೂ ಅದು ಹೆಚ್ಚು.

ಈಗ ನಮ್ಮವರು ಹೇಳುವ ಮಾತು ನನಗೆ ಗೊತ್ತು. ಸಾವಿರ ಮಿಲಿಮೀಟರ್ ಏನು ದೊಡ್ಡದು, ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ 2,000 ಮಿಲಿಮೀಟರ್ ದಾಟುವುದುಂಟು ಎಂದು. ನಿಜ. ಆದರೆ ತಿಂಗಳ ಒಟ್ಟು ಲೆಕ್ಕ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 158 ಮಿಲಿಮೀಟರ್ ಎಂದರೆ ಎಕರೆಗೆ 6 ಲಕ್ಷ ಲೀಟರಿಗೂ ಹೆಚ್ಚು. ಅದೇ ನೀರು ಜಡಿಮಳೆಯಾಗಿ ಎರಡು ದಿನ ಹಿಡಿದು ಬಿದ್ದರೆ ತೋಟದ ಕಪ್ಪುಗಳಲ್ಲಿ ಹರಿದುಹೋಗಿ ಹಳ್ಳ ಸೇರುತ್ತದೆ. ಒಂದು ತಾಸಿನಲ್ಲಿ ಬಿದ್ದರೆ ಕಪ್ಪನ್ನೂ, ಅದರ ದಂಡೆಯನ್ನೂ, ಮೇಲಿನ ಧರೆಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ಎಷ್ಟು ಬಂತು ಎಂಬುದರ ಜೊತೆಗೆ ಯಾವಾಗ ಬಂತು, ಎಷ್ಟು ಹೊತ್ತಿನಲ್ಲಿ ಬಂತು ಎಂಬುದೂ ಗೊತ್ತಿರಬೇಕು. ಅದು ಬರೆದಿಟ್ಟವನಿಗೆ ಮಾತ್ರ ಗೊತ್ತಿರುತ್ತದೆ.

ಆ 158.1ರ ಜೊತೆಗೆ ವೀಕ್ಷಣಾಲಯದವರು ಇನ್ನೊಂದು ಮಾತು ಹೇಳಿದರು: ದಾಖಲೆ ಮೊದಲಾದ 1884ರಿಂದ ಈಚೆಗೆ ಒಂದು ತಾಸಿನಲ್ಲಿ ಬಿದ್ದ ಅತಿ ಹೆಚ್ಚಿನ ಮಳೆ ಇದು. ಎರಡನೆಯ ಮಹಾಯುದ್ಧದ ಕಾಲದ ಕೆಲವು ವರ್ಷಗಳನ್ನು ಬಿಟ್ಟರೆ ತಾಸು ತಾಸಿನ ಲೆಕ್ಕ ಅವರಲ್ಲಿದೆ. ಆದ್ದರಿಂದಲೇ "ಇಂಥ ಮಳೆ ಕಂಡಿಲ್ಲ" ಎಂಬ ಮಾತು ಅವರ ಬಾಯಲ್ಲಿ ಬಂದರೆ ಅದಕ್ಕೆ ತೂಕವಿದೆ.

ಈ ಶಿಸ್ತು ಅವರಿಗೂ ಪುಕ್ಕಟೆಯಾಗಿ ಬಂದುದಲ್ಲ. 1972ರ ಜೂನ್ 18ರಂದು, ಮೂರು ದಿನಗಳಲ್ಲಿ 650 ಮಿಲಿಮೀಟರಿಗೂ ಮೀರಿ ಮಳೆ ಸುರಿದ ಮೇಲೆ, ಆ ಊರಿನ ಎರಡು ಕಡೆ ಗುಡ್ಡ ಜಾರಿ 138 ಜನ ಮಣ್ಣುಪಾಲಾದರು. 1976ರ ಆಗಸ್ಟಿನಲ್ಲಿ ಮತ್ತೆ 18 ಜನ ಸತ್ತರು. ಆಮೇಲೆ, 1977ರಲ್ಲಿ, ಇಳಿಜಾರುಗಳ ಮೇಲ್ವಿಚಾರಣೆಗೆಂದೇ ಸರ್ಕಾರ ಪ್ರತ್ಯೇಕ ಕಚೇರಿ ತೆರೆಯಿತು. ಇಂದು ಅಲ್ಲಿ ಮನುಷ್ಯ ಕಡಿದ ಅಥವಾ ತುಂಬಿದ ಸುಮಾರು 60,000 ಧರೆಗಳಿಗೆ ಒಂದೊಂದಕ್ಕೂ ನಂಬರು ಕೊಟ್ಟು, ಅದರ ನಿಗಾ ಯಾರ ಹೊಣೆ ಎಂದು ಬರೆದಿಟ್ಟಿದ್ದಾರೆ. ಮಳೆಮಾಪಕಗಳ ಅಂಕಿ ನೋಡಿಯೇ ಗುಡ್ಡ ಜಾರುವ ಎಚ್ಚರಿಕೆ ಕೊಡುತ್ತಾರೆ. ತಾಸಿಗೆ 30 ಮಿಲಿಮೀಟರ್ ಮೀರಿದರೆ ಹಳದಿ, 50 ಮೀರಿದರೆ ಕೆಂಪು, 70 ಮೀರಿದರೆ ಕಪ್ಪು ಎಂಬ ಬಣ್ಣದ ಎಚ್ಚರಿಕೆ 1998ರಿಂದ ನಡೆದುಬಂದಿದೆ.

ಹಾಗೆಂದು ಅವರನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅಷ್ಟೆಲ್ಲ ಯಂತ್ರಗಳಿದ್ದರೂ 7ನೇ ತಾರೀಕಿನ ರಾತ್ರಿಯ ಮಳೆಗೆ ಮುನ್ಸೂಚನೆ ಸಾಲದಾಯಿತೆಂದು ಅಲ್ಲಿಯ ಜನರೂ ದೂರಿದರು. ಸಮುದ್ರ ದಂಡೆಯ ಶ್ರೀಮಂತರ ಬಡಾವಣೆಯೊಂದರಲ್ಲಿ ಗುಡ್ಡ ಜಾರಿದಾಗ, ಅಪ್ಪಣೆಯಿಲ್ಲದೆ ಕಟ್ಟಿದ ಭಾಗಗಳು ಬೆಳಕಿಗೆ ಬಂದವು. ಲೆಕ್ಕ ಬರೆದ ಮಾತ್ರಕ್ಕೆ ಮಳೆ ನಿಲ್ಲುವುದಿಲ್ಲ, ಮನುಷ್ಯನ ಆಸೆಯೂ ನಿಲ್ಲುವುದಿಲ್ಲ. ಆದರೆ ಎಲ್ಲಿ ತಪ್ಪಿತು ಎಂದು ಮಾರನೆಯ ದಿನ ಹೇಳಲು ಅವರ ಹತ್ತಿರ ಪುಸ್ತಕವಿತ್ತು.

ನಮ್ಮ ಮನೆಯಲ್ಲೂ ಒಂದು ಪುಸ್ತಕವಿತ್ತು. ನನ್ನ ತಂದೆಯವರು ಹೆಚ್ಚು ಓದಿದವರಲ್ಲ. ಆದರೆ ಅಂಗಳದ ಮೂಲೆಯಲ್ಲಿ ತಾಮ್ರದ ಮಳೆಮಾಪಕವಿಟ್ಟು, ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಪಂಚಾಂಗದ ಪಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರು ಹೋದ ಮೇಲೆ, ಪದವಿ ಪಡೆದು ಬಂದ ನಾನು ಅದನ್ನು ನಿಲ್ಲಿಸಿದೆ. ಪೇಪರಿನಲ್ಲಿ ಬರುತ್ತದಲ್ಲ, ಫೋನಿನಲ್ಲಿ ಬರುತ್ತದಲ್ಲ ಎಂಬ ಉದಾಸೀನ. ಹಾಂಗ್‌ಕಾಂಗಿನವರ ಲೆಕ್ಕ ತಪ್ಪಿದ್ದು ಯುದ್ಧದಿಂದ. ನನ್ನದು ತಪ್ಪಿದ್ದು ಸೋಮಾರಿತನದಿಂದ.

ಅದರ ಬೆಲೆ ಕೆಲವು ವರ್ಷಗಳ ಹಿಂದೆ ಗೊತ್ತಾಯಿತು. ಅಡಿಕೆಗೂ ಕಾಳುಮೆಣಸಿಗೂ ನಾವು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆ, ತಮಗೆ ತಿಳಿದಿರುವಂತೆ, ತೋಟದಲ್ಲಿ ಉದುರಿದ ಕಾಯಿ ನೋಡಿ ಹಣ ಕೊಡುವಂಥದಲ್ಲ. ಮಳೆಮಾಪಕದ ಅಂಕಿ ನೋಡಿ ಕೊಡುವಂಥದು. ಆ ವರ್ಷ ಕೊಳೆರೋಗದಿಂದ ನಮ್ಮ ಭಾಗದಲ್ಲಿ ಅರ್ಧ ಫಸಲು ನೆಲಕ್ಕೆ ಬಿದ್ದಿತ್ತು. ಆದರೆ ನಮ್ಮ ಪಂಚಾಯಿತಿಯ ಮಾಪಕ ಜೋರು ಮಳೆಯ ದಿನಗಳಲ್ಲೇ ಕೆಟ್ಟು ನಿಂತಿದ್ದು ಆಮೇಲೆ ತಿಳಿಯಿತು. ಸದಸ್ಯರ ಪರವಾಗಿ ನಾನು ಅರ್ಜಿ ಹಿಡಿದು ಹೋದಾಗ ಅಧಿಕಾರಿಗಳು ಸೌಜನ್ಯದಿಂದಲೇ ಕೇಳಿದರು: "ಸರಿ, ಯಾವ ಯಾವ ದಿನ ಎಷ್ಟು ಮಳೆ ಬಂತು, ಹೇಳಿ." ನನ್ನ ಬಾಯಿ ಕಟ್ಟಿತು. "ಬಹಳ ಬಂತು ಸಾರ್" ಎಂದೆ. ಬಹಳ ಎಂಬ ಅಂಕಿ ಯಾವ ಕೋಷ್ಟಕದಲ್ಲೂ ಇಲ್ಲ.

ವಿಮೆಯ ಮಾತು ಬಿಟ್ಟರೂ ನಮ್ಮ ಎರಡು ಬೆಳೆಗಳೂ ತಾರೀಕಿನ ಮೇಲೆ ನಿಂತವು. ಕಾಫಿಗೆ ಹೂ ಮಳೆ ಒಂದು ಇಂಚಿನ ಆಸುಪಾಸು ಬಂದರೆ ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಹೂ ಅರಳಿದ ದಿನವೇ ಇನ್ನೊಂದು ಮಳೆ ಬಿದ್ದರೆ ಪರಾಗ ತೊಯ್ದು ಕಾಯಿ ಕಚ್ಚುವುದಿಲ್ಲ. ಬ್ಯಾಕಿಂಗ್ ಮಳೆ ತಡವಾದರೆ ಪೈಪು ಎಳೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಹಿಂದಿನ ಮಳೆಯ ತಾರೀಕು ಬೇಕು. ಅಡಿಕೆಗೆ ಮೊದಲ ಬೋರ್ಡೋ ಹೊಡೆದು 40–45 ದಿನಕ್ಕೆ ಎರಡನೆಯದು ಎನ್ನುತ್ತೇವೆ. ನಡುವೆ ಬಿಡದೆ ಸುರಿದ ದಿನಗಳೆಷ್ಟು, ಬಿಸಿಲು ಕಂಡ ದಿನಗಳೆಷ್ಟು ಎಂಬುದು ಬರೆದಿದ್ದರೆ, ಕೊನೆಗಾರನನ್ನು ಯಾವ ವಾರಕ್ಕೆ ಹೇಳಬೇಕೆಂದು ಅಂದಾಜು ಸಿಗುತ್ತದೆ. ಇನ್ನು ಧರೆಯ ವಿಷಯ. 2018ರ ಆಗಸ್ಟಿನಲ್ಲಿ ಕೊಡಗಿನ ಬಂಧುಗಳು ಕಂಡದ್ದನ್ನು ನಾವು ಮರೆಯಬಾರದು. ಜೆಸಿಬಿ ತಂದು ಅಂಗಳ ಅಗಲ ಮಾಡಿದ ಪ್ರತಿ ಮನೆಯ ಹಿಂದೆ ಈಗ ಒಂದು ಧರೆ ನಿಂತಿದೆ. ಎರಡು ದಿನದಲ್ಲಿ ಎಷ್ಟು ಇಂಚಾದಾಗ ಅದರಲ್ಲಿ ಒಸರು ಕಾಣುತ್ತದೆ, ಎಷ್ಟಾದಾಗ ಕೆಂಪು ನೀರು ಇಳಿಯುತ್ತದೆ ಎಂಬುದು ಮನೆಯ ಯಜಮಾನನಿಗೆ ತಿಳಿದಿರಬೇಕು. ಆ ಅಂಕಿ ಬಂದ ರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ಬೇರೆ ಕಡೆ ಮಲಗಲು ಯಾವ ಸರ್ಕಾರದ ಎಚ್ಚರಿಕೆಗೂ ಕಾಯಬೇಕಿಲ್ಲ.

"ನಮ್ಮ ಮನೆಯ ಪುಸ್ತಕವನ್ನು ಯಾವ ವಿಮೆಯವರು ಒಪ್ಪುತ್ತಾರೆ?" ಎಂಬ ಪ್ರಶ್ನೆ ಬರುತ್ತದೆ. ಒಬ್ಬನ ಪುಸ್ತಕವನ್ನು ಒಪ್ಪಲಾರರು, ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದೇ ಪಂಚಾಯಿತಿಯ ನಲವತ್ತು ಮನೆಗಳ ಪುಸ್ತಕಗಳು ಒಂದೇ ಮಾತು ಹೇಳಿದರೆ, ಅವಕ್ಕೆ ತಿಂಗಳು ತಿಂಗಳೂ ಸಂಘದ ಮೊಹರು ಬಿದ್ದಿದ್ದರೆ, "ಮಾಪಕ ಕೆಟ್ಟಿತ್ತು, ಸರಿಪಡಿಸಿ" ಎಂಬ ನಮ್ಮ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕುವುದು ಸುಲಭವಲ್ಲ. ದೊಡ್ಡ ಎಸ್ಟೇಟುಗಳಲ್ಲಿ ಮಳೆ ಪುಸ್ತಕ ಬಹುಕಾಲದ ರೂಢಿ. ಮಳೆ ನಮ್ಮ ಎರಡು ಎಕರೆಯ ಮೇಲೂ ಬೀಳುತ್ತದೆ. ಪುಸ್ತಕ ಮಾತ್ರ ಅವರಿಗೇ ಇರಬೇಕೆಂಬ ನಿಯಮವೇನೂ ಇಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಪ್ರತಿ ಸದಸ್ಯರೂ ಒಂದು ಮಳೆಮಾಪಕ ಇಟ್ಟುಕೊಳ್ಳಲಿ. ಪೇಟೆಯ ಪ್ಲಾಸ್ಟಿಕ್ ಮಾಪಕ ಒಂದೆರಡು ಆಳಿನ ಸಂಬಳಕ್ಕೆ ಬರುತ್ತದೆ. ಅದೂ ಬೇಡವೆನ್ನುವವರಿಗೆ ನೇರ ಗೋಡೆಯ, ಸಮತಟ್ಟು ತಳದ ಡಬ್ಬಿಯಾದರೂ ಆದೀತು; ನಿಂತ ನೀರಿನ ಆಳವೇ ಮಳೆಯ ಅಳತೆ. ಮರ, ಮಾಡು, ಸೋಗೆಯ ಹನಿ ಬೀಳದಂತೆ ಬಯಲಿನಲ್ಲಿಡಬೇಕು. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಚೆಲ್ಲಬೇಕು. ತಾರೀಕು, ಮಳೆ, ಜೋರು ಹೊಡೆದ ಹೊತ್ತು, ಹೂವೋ ಔಷಧಿಯೋ ಕೊಳೆಯೋ ಒಂದು ಸಾಲು, ಇಷ್ಟೇ. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕು; ಖಾಲಿ ಬಿಟ್ಟ ಮನೆ ಸೊನ್ನೆಯಲ್ಲ, ಅದು ಮರೆವು. ಮಕ್ಕಳ ಕೈಗೆ ಈ ಕೆಲಸ ಕೊಟ್ಟರೆ ನಮಗಿಂತ ಚೆನ್ನಾಗಿ ಮಾಡುತ್ತಾರೆಂದು ನನ್ನ ನಂಬಿಕೆ.

ತಿಂಗಳ ಕೊನೆಗೆ ಪುಸ್ತಕವನ್ನು ಸಂಘಕ್ಕೆ ತಂದರೆ ನಕಲು ಮಾಡಿಕೊಂಡು ಮೊಹರು ಹಾಕಿಕೊಡುವ ವ್ಯವಸ್ಥೆಗೆ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಒಪ್ಪಿಗೆ ಕೇಳಲಿದ್ದೇನೆ. ಊರುವಾರು ಮಳೆಯ ಪಟ್ಟಿಯನ್ನು ಈ ಪತ್ರಿಕೆಯಲ್ಲೇ ಅಚ್ಚು ಹಾಕುವ ಆಸೆಯೂ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ತಂದೆಯವರ ತಾಮ್ರದ ಮಾಪಕವನ್ನು ಅಟ್ಟದಿಂದ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ, ಅದೇ ಮೂಲೆಯಲ್ಲಿ ಇಟ್ಟಿದ್ದೇನೆ. ಮೊದಲ ದಿನ ಅದರಲ್ಲಿ ಸಿಕ್ಕಿದ್ದು 12 ಸೆಂಟು. ಅವರ ಪುಸ್ತಕದ ಕೊನೆಯ ಸಾಲಿನ ಕೆಳಗೆ, ತಾರೀಕು ಹಾಕಿ, ಅದನ್ನು ಬರೆದಿದ್ದೇನೆ.

— ಕಾರ್ಯದರ್ಶಿ