ಮೂರನೇ ಭಾಗ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕೇ?

ಹೋದ ತಿಂಗಳು ತಾಲ್ಲೂಕು ಕೇಂದ್ರದಲ್ಲಿ ಒಂದು ಪುಸ್ತಕ ಸಂವಾದ ಇತ್ತು. ಮೂರು ಭಾಗಗಳಲ್ಲಿ ಬರಬೇಕಾದ ಕಾದಂಬರಿ, ಈಗ ಎರಡು ಭಾಗ ಬಂದಿದೆ. ಶಾಲು, ಹಾರ, ಸ್ವಾಗತ ಭಾಷಣ ಎಲ್ಲ ಮುಗಿದು "ಓದುಗರು ಯಾರಾದರೂ ಮಾತಾಡಬಹುದು" ಅಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಹತ್ತಿರದ ಹಳ್ಳಿಯಲ್ಲಿ ಬಟ್ಟೆ ಹೊಲಿಯುವವರು. ಕೈಯಲ್ಲಿ ಪುಸ್ತಕ ಇತ್ತು, ಅದರೊಳಗೆ ಬಸ್ ಟಿಕೆಟ್ ಸಿಕ್ಕಿಸಿ ಗುರುತು ಮಾಡಿಕೊಂಡಿದ್ದರು.

"ಸಾರ್, ಮೊದಲನೇ ಭಾಗದಾಗೆ ಅಂಗಡಿ ಇಟ್ಕೊಂಡಿದ್ದ ತಂಗಿ ಇದ್ದಳಲ್ಲ, ಅಣ್ಣನ್ನ ಓದಿಸಿದವಳು? ಎರಡನೇ ಭಾಗದಾಗೆ ಅವಳ ಸುದ್ದೀನೇ ಇಲ್ಲ. ಸತ್ತಳಾ, ಮದುವೆ ಆಗಿ ಹೋದಳಾ? ಅಣ್ಣ ಆದ್ರೂ ಒಂದ್ಸಲ ನೆನೆಸ್ಕೋಬಾರದಾ?"

ಲೇಖಕರು ಮೇಜು ನೋಡಿದರು. ಉತ್ತರ ಕೊಟ್ಟವರು ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಪ್ರಾಧ್ಯಾಪಕರು. "ನೋಡಮ್ಮ, ಇದು ಸರಣಿ. ಮೂರನೇದೂ ಬರಲಿ, ಪೂರ್ತಿ ಓದು, ಆಮೇಲೆ ಮಾತಾಡುವೆಯಂತೆ." ಮುಂದಿನ ಸಾಲಿನವರು ನಕ್ಕರು. ಆಕೆ ಕೂತರು.

ನಾನು ಅಲ್ಲಿಂದ ಎಂಟು ಸಾಲಿನ ವರದಿ ಕಳಿಸಿದೆ. ಅದರಲ್ಲಿ ಐದು ಸಾಲು ವೇದಿಕೆ ಮೇಲಿದ್ದವರ ಹೆಸರು. ಇಡೀ ಸಭೆಯಲ್ಲಿ ಪುಸ್ತಕದ ಬಗ್ಗೆ ಬಂದ ಒಂದೇ ಒಂದು ಮಾತು ಅದರಲ್ಲಿ ಇರಲಿಲ್ಲ. ಆ ತಪ್ಪು ನನ್ನದೇ, ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ.

"ಪೂರ್ತಿ ಓದಿ ಆಮೇಲೆ ಮಾತಾಡಿ" ಅನ್ನುವ ಮಾತು ಕೇಳುವುದಕ್ಕೆ ಬಹಳ ನ್ಯಾಯವಾಗಿದೆ. ಅರ್ಧ ಓದಿ ತೀರ್ಪು ಕೊಡುವವನನ್ನು ಯಾರು ಮೆಚ್ಚುತ್ತಾರೆ? ಆದರೆ ಆಕೆ ಅರ್ಧ ಓದಿರಲಿಲ್ಲ. ಬಂದಿದ್ದಷ್ಟನ್ನೂ ಓದಿದ್ದರು. ಉಳಿದದ್ದು ಲೇಖಕರ ತಲೆಯಲ್ಲಿದ್ದರೆ ಅದು ಓದುಗರ ಬಾಕಿ ಹೇಗಾಗುತ್ತದೆ? ಒಂದೊಂದು ಭಾಗಕ್ಕೂ ಬೇರೆ ಬೇರೆ ಬೆಲೆ ಹಾಕಿ ಮಾರುತ್ತಾರೆ. ಎರಡನೇ ಭಾಗಕ್ಕೆ 350 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ದುಡ್ಡು ತೆಗೆದುಕೊಳ್ಳುವಾಗ ಅದು ಪೂರ್ತಿ ಪುಸ್ತಕ, ಪ್ರಶ್ನೆ ಕೇಳಿದರೆ ಮಾತ್ರ ಅರ್ಧ ಪುಸ್ತಕ. ಇದು ಯಾವ ಸಂತೆಯ ಲೆಕ್ಕ? ಒಂದು ಮೂಟೆ ಗೊಬ್ಬರ ಮಾರಿ "ಮೂರೂ ಮೂಟೆ ಹಾಕಿ, ಬೆಳೆ ಬಂದ ಮೇಲೆ ದೂರು ಹೇಳಿ" ಅಂದರೆ ನಮ್ಮೂರಿನ ಯಾವ ರೈತ ಸುಮ್ಮನಿರುತ್ತಾನೆ?

ಇನ್ನೊಂದು ವಿಷಯ. ಸರಣಿ ಮುಗಿಯುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ನಮ್ಮ ಹುಡುಗರು ಫೋನಿನಲ್ಲಿ ನೋಡಿದ 'ಗೇಮ್ ಆಫ್ ಥ್ರೋನ್ಸ್' ಇದೆಯಲ್ಲ, ಅದರ ಮೂಲ ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಕಾದಂಬರಿ ಸರಣಿ. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಐದನೆಯದು 2011ರಲ್ಲಿ. ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ, ಏಳನೆಯದಂತೂ ದೂರದ ಮಾತು. ನಡುವೆ ಟಿ.ವಿ. ಸರಣಿ ಶುರುವಾಗಿ 2019ರಲ್ಲಿ ಮುಗಿದೂ ಹೋಯಿತು. ನಮ್ಮ ಪ್ರಾಧ್ಯಾಪಕರ ಮಾತು ಕೇಳಿದ್ದರೆ, 1996ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಓದುಗ ಈಗ ತಲೆ ನರೆತರೂ ಆ ಪುಸ್ತಕದ ಬಗ್ಗೆ ತುಟಿ ಬಿಚ್ಚುವಂತಿರಲಿಲ್ಲ.

ನಡುವೆ ಮಾತಾಡಿದ್ದರಿಂದ ಒಳ್ಳೆಯದಾದ ಕಥೆಯೂ ಇದೆ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 'ಡೇವಿಡ್ ಕಾಪರ್‌ಫೀಲ್ಡ್' ಅನ್ನು ತಿಂಗಳಿಗೊಂದು ಕಂತಿನಂತೆ 1849ರ ಮೇಯಿಂದ 1850ರ ನವೆಂಬರ್ ತನಕ ಬಿಡುಗಡೆ ಮಾಡಿದ. ನಡುವಿನ ಒಂದು ಕಂತಿನಲ್ಲಿ ಮಿಸ್ ಮೌಚರ್ ಎಂಬ ಬಹಳ ಕುಳ್ಳಗಿನ ಹೆಂಗಸು ಬರುತ್ತಾಳೆ. ನಗಿಸುವ ಪಾತ್ರ, ಸ್ವಲ್ಪ ಕೆಟ್ಟ ನೆರಳೂ ಇದೆ. ಡಿಕನ್ಸನ ನೆರೆಯಲ್ಲೇ ಅದೇ ಎತ್ತರದ ಒಬ್ಬ ಹೆಂಗಸು ಇದ್ದಳು. ಜನರ ಕಾಲಿನ ಆಣಿ ತೆಗೆದು ಜೀವನ ಮಾಡುವವಳು. ಓದಿದವಳಿಗೆ ಇದು ತಾನೇ ಅಂತ ಗೊತ್ತಾಯಿತು. ನೊಂದು ಕಾಗದ ಬರೆದಳು. ಡಿಕನ್ಸ್ ಆ ಹೊತ್ತಿಗೆ ದೇಶವೇ ಕೊಂಡಾಡುವ ಲೇಖಕ. ಆದರೂ ಕ್ಷಮೆ ಕೇಳಿ ಉತ್ತರ ಬರೆದ, ಕೆಲವೇ ತಿಂಗಳಲ್ಲಿ ಬಂದ ಕಂತಿನಲ್ಲಿ ಆ ಪಾತ್ರವನ್ನೇ ತಿರುಗಿಸಿದ. ಮೌಚರ್ ಮತ್ತೆ ಬಂದಾಗ ನೋವು ತಿಂದ, ಮರ್ಯಾದೆಯುಳ್ಳ ಹೆಂಗಸಾಗಿ ಬರುತ್ತಾಳೆ. ತನ್ನ ಆಳ್ತನ ನೋಡಿ ತನ್ನನ್ನು ಅಳೆಯಬೇಡಿ ಎಂಬ ಅರ್ಥದ ಮಾತು ಅವಳ ಬಾಯಲ್ಲೇ ಬರುತ್ತದೆ. ಆಕೆ "ಪೂರ್ತಿ ಮುಗಿಯಲಿ" ಅಂತ 1850ರ ನವೆಂಬರ್ ತನಕ ಕಾದಿದ್ದರೆ ಏನಾಗುತ್ತಿತ್ತು? ಪುಸ್ತಕ ಹಾಗೇ ಉಳಿಯುತ್ತಿತ್ತು, ಅವಮಾನವೂ ಉಳಿಯುತ್ತಿತ್ತು.

ಅಷ್ಟು ದೂರ ಹೋಗುವುದೇ ಬೇಡ. 'ಸುಧಾ', 'ತರಂಗ'ದಲ್ಲಿ ಧಾರಾವಾಹಿ ಓದಿದ ಹೆಂಗಸರು ನಿಮ್ಮ ಮನೆಯಲ್ಲೂ ಇರುತ್ತಾರೆ, ಕೇಳಿ ನೋಡಿ. ಒಂದು ಪ್ರತಿ ಊರಿಗೆ ಬಂದರೆ ಹತ್ತು ಮನೆ ಸುತ್ತುತ್ತಿತ್ತು. ಕೊನೆಗೆ ಧಾರಾವಾಹಿಯ ಪುಟಗಳನ್ನಷ್ಟೇ ಕಿತ್ತು, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಟ್ರಂಕಿನಲ್ಲಿಡುತ್ತಿದ್ದರು. ನಮ್ಮಮ್ಮನ ಟ್ರಂಕಿನಲ್ಲಿ ಅಂಥ ನಾಲ್ಕು ಕಟ್ಟು ಇವೆ, ಒಂದರಲ್ಲಿ ನಡುವಿನ ಎರಡು ವಾರ ಇಲ್ಲ. ಆ ಹೆಂಗಸರು ಕೊನೇ ಕಂತಿನ ತನಕ ಸುಮ್ಮನೆ ಕೂತಿದ್ದರೇ? ನಲ್ಲಿ ಹತ್ತಿರ ವಾರ ವಾರ ಪಂಚಾಯ್ತಿ. "ಈ ವಾರ ಬರೀ ಮಳೆ ವರ್ಣನೆ ಮಾಡಿ ಪುಟ ತುಂಬಿಸ್ಯಾರೆ" ಅಂತ ನಮ್ಮಮ್ಮ ಹೇಳುತ್ತಿದ್ದದ್ದು ನನಗೆ ನೆನಪಿದೆ. ಡಿಪ್ಲೊಮಾ ತರಗತಿಯಲ್ಲಿ ಪುಸ್ತಕ ವಿಮರ್ಶೆಯ ಪಾಠ ನಮಗೂ ಇತ್ತು. ಅಮ್ಮನ ಆ ಒಂದು ಮಾತಿನಷ್ಟು ಅದು ಉಪಯೋಗಕ್ಕೆ ಬಂದಿಲ್ಲ.

ಎದುರಿನವರ ವಾದದಲ್ಲಿ ಒಂದಿಷ್ಟು ಹುರುಳಿದೆ, ಇಲ್ಲ ಅನ್ನುವುದಿಲ್ಲ. ಕೊಲೆ ಮಾಡಿದವನು ಯಾರು, ಅತ್ತೆ ಯಾಕೆ ಹಾಗೆ ನಡೆದುಕೊಂಡಳು ಅನ್ನುವುದನ್ನು ಲೇಖಕ ಬೇಕಂತಲೇ ಬಚ್ಚಿಟ್ಟಿರಬಹುದು. ಅದನ್ನು ಎರಡನೇ ಭಾಗದಲ್ಲೇ ತಪ್ಪು ಅನ್ನುವುದು ಅವಸರ. ಆದರೆ ಒಂದೇ ಸಂಗತಿಯನ್ನು ಮೂರು ಸಲ ಹೇಳಿದ್ದರೆ ಅದಕ್ಕೆ ಮೂರನೇ ಭಾಗ ಬೇಕಾಗಿಲ್ಲ. ಮಾತು ಪೇಟೆಯವರ ಮಾತಿನಂತಿದ್ದರೆ, ಹೊಲದಲ್ಲಿ ಕೆಲಸ ಮಾಡುವವಳು ಪುಸ್ತಕದ ಕನ್ನಡ ಆಡಿದರೆ, ಅದೂ ಈಗಲೇ ಕಾಣುತ್ತದೆ. ತಂಗಿಯನ್ನು ಲೇಖಕ ಬಚ್ಚಿಟ್ಟಿದ್ದಾರೋ ಮರೆತಿದ್ದಾರೋ ಅನ್ನುವುದೂ ಓದುವವರಿಗೆ ತಿಳಿಯುತ್ತದೆ. ಬಚ್ಚಿಟ್ಟಿದ್ದರೆ ಎಲ್ಲಾದರೂ ಒಂದು ಸುಳಿವು ಇರುತ್ತದೆ. ನಾನೂ ಆಮೇಲೆ ಆ ಭಾಗ ಓದಿದೆ. ಸುಳಿವು ಇಲ್ಲ.

ಸರಣಿಯ ಒಂದೊಂದು ಪುಸ್ತಕವೂ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವುದು ನನ್ನ ಪಟ್ಟು, ಇದಕ್ಕೆ ನಮ್ಮ ಚಿತ್ರದುರ್ಗದ ತ.ರಾ.ಸು. ಅವರೇ ಸಾಕ್ಷಿ. ದುರ್ಗದ ನಾಯಕರ ಮೇಲೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಅಂತ ಸಾಲು ಹಿಡಿದು, ಮುಂದೆ 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಬರೆದು, ಕೊನೆಗೆ 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಕಥೆಯನ್ನು 'ದುರ್ಗಾಸ್ತಮಾನ'ದಲ್ಲಿ ಹೇಳಿದರು. 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಕಡೆ ಈ ಸಾಲನ್ನು ಯಾರು ಕ್ರಮವಾಗಿ ಓದಿದ್ದಾರೆ ಹೇಳಿ? ನಾನು ಶುರು ಮಾಡಿದ್ದೇ ಕೊನೆಯ 'ದುರ್ಗಾಸ್ತಮಾನ'ದಿಂದ, ಯಾಕೆಂದರೆ ಆಗ ಕೈಗೆ ಸಿಕ್ಕ ಗ್ರಂಥಾಲಯದಲ್ಲಿ ಇದ್ದದ್ದು ಅದೊಂದೇ. ಆಮೇಲೆ 'ರಕ್ತರಾತ್ರಿ', ಎರಡು ವರ್ಷ ಬಿಟ್ಟು 'ಕಂಬನಿಯ ಕುಯಿಲು'. ಹಿಂದುಮುಂದಾಗಿ ಓದಿದರೂ ದಳವಾಯಿ ಮುದ್ದಣ್ಣನ ಮೇಲೆ ಸಿಟ್ಟು ಬಂತು, ಮದಕರಿಯ ಕೊನೆಗೆ ಎದೆ ಭಾರವಾಯಿತು. ಹಳ್ಳಿಯ ಗ್ರಂಥಾಲಯಕ್ಕೆ ಸರಣಿ ಪೂರ್ತಿಯಾಗಿ ಬರುವುದು ಅಪರೂಪ, ಒಂದಿದ್ದರೆ ಮೂರು ಇರುತ್ತದೆ, ಎರಡು ಇರುವುದಿಲ್ಲ. "ಪೂರ್ತಿ ಓದಿದವರೇ ಮಾತಾಡಿ" ಅಂದರೆ ಪೂರ್ತಿ ಕೊಳ್ಳಬಲ್ಲ ಪೇಟೆಯವರೇ ಮಾತಾಡಿ ಅಂತಲೇ ಅರ್ಥ. ಪ್ರಾಧ್ಯಾಪಕರು ಹಾಗೆ ಅಂದುಕೊಂಡು ಹೇಳಿರಲಿಕ್ಕಿಲ್ಲ. ಹಿಂದಿನ ಸಾಲಿಗೆ ಕೇಳಿಸಿದ್ದು ಮಾತ್ರ ಹಾಗೇ.

ಇಷ್ಟು ಹೇಳಿ ಓದುಗರನ್ನು ಹೊಗಳಿ ಬಿಟ್ಟರೆ ಅದೂ ಮೋಸ. ನಮ್ಮಲ್ಲಿ ಬಹಳ ಜನ ಸರಣಿ ಓದಿ ಹೇಳುವುದು ಎರಡೇ ಮಾತು: "ಸೂಪರ್", "ಮುಂದಿನ ಭಾಗ ಯಾವಾಗ". ಇದು ಅಭಿಪ್ರಾಯ ಅಲ್ಲ, ಹಸಿವು. ಹೀರೊ ಸಾಯಬಾರದು, ಇವಳನ್ನೇ ಮದುವೆ ಆಗಬೇಕು ಅನ್ನುವುದು ಬೇಡಿಕೆ. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸಾಯಿಸಿ ಕೈ ತೊಳೆದುಕೊಂಡಿದ್ದ. ಓದುಗರು ಬಿಡಲಿಲ್ಲ, ಪತ್ರಿಕೆಯವರು ದುಡ್ಡು ಸುರಿಯಲು ಸಿದ್ಧರಿದ್ದರು, 1903ರಲ್ಲಿ ಹೋಮ್ಸ್ ಬದುಕಿ ಬಂದ. ಬದುಕಿಸಿದ ಮೇಲೆ ಬಂದ ಕಥೆಗಳಲ್ಲಿ ಹಲವು ನನಗೆ ಸಪ್ಪೆ ಅನ್ನಿಸಿವೆ. ಬೇಡಿಕೆಗೆ ಮಣಿದ ಬರವಣಿಗೆ ಬಹುಮಟ್ಟಿಗೆ ಹೀಗೇ ಆಗುತ್ತದೆ. ಹೊಲಿಗೆಯ ಆ ಅಕ್ಕ ತಂಗಿಯನ್ನು ಬದುಕಿಸಿ ಅಂತ ಕೇಳಲಿಲ್ಲ. ಸತ್ತಿದ್ದರೆ ಸತ್ತಳು ಅಂತ ಹೇಳಿ ಅಂದರು, ಅಷ್ಟೇ.

ಲೇಖಕರಿಗೂ ಒಂದು ಮಾತು. ಆ ದಿನ ನೀವು ಮೇಜು ನೋಡಿದ್ದು ನನಗೆ ಕಂಡಿತು. ನಿಮ್ಮ ಮೂರನೇ ಭಾಗ ಇನ್ನೂ ಅಚ್ಚಿಗೆ ಹೋಗಿಲ್ಲ ಅಂತ ನೀವೇ ಅವತ್ತು ಹೇಳಿದಿರಿ. ಶಾಲು ಹೊದಿಸಿದ ಯಾರೂ ನಿಮಗೆ ಇಂಥದ್ದೊಂದು ಪ್ರಶ್ನೆ ಕೊಡಲಿಲ್ಲ.

ಕಳೆದ ವಾರ ಆ ಅಕ್ಕನ ಅಂಗಡಿಗೆ ಹೋಗಿದ್ದೆ, ವರದಿಯಲ್ಲಿ ಅವರ ಮಾತು ಬಿಟ್ಟಿದ್ದಕ್ಕೆ ತಪ್ಪಾಯಿತು ಅಂತ ಹೇಳಲು. "ಅಯ್ಯೋ ಬಿಡಪ್ಪ, ಪೇಪರ್‌ನಾಗೆ ಅದೆಲ್ಲ ಎಲ್ಲಿ ಹಾಕ್ತಾರೆ" ಅಂದು ಕಾಜಾ ಹಾಕುತ್ತಾ ಕೂತರು. ಎರಡನೇ ಭಾಗವನ್ನು ನಾನು ಓದಿದ್ದು ಅವರದೇ ಪ್ರತಿಯಲ್ಲಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಅಂಚಿನಲ್ಲಿ ಅಲ್ಲಲ್ಲಿ ಗೀಟು ಎಳೆದಿದ್ದಾರೆ, ಅಣ್ಣ ಊರಿಗೆ ಬರುವ ಜಾಗದಲ್ಲೆಲ್ಲ. ಏಳು ಕಡೆ. ನಾಡಿದ್ದು ಸೋಮವಾರ ಪುಸ್ತಕ ವಾಪಸ್ ಕೊಡಬೇಕು, ಅವರ ನಾದಿನಿ ಓದಲು ಕಾಯುತ್ತಿದ್ದಾರೆ.